ಜರಡಿಯಕ್ಕನ ಬೆರಳು

ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸಕ್ಕೆ ಮೊದಲು ಬೇಕಾಗುವುದು ಸ್ಲೇಟಲ್ಲ, ಬಳಪವಲ್ಲ, ಬ್ಯಾನರು. ಇದು ನನಗೆ ಮೊದಲ ದಿನವೇ ಗೊತ್ತಾಯಿತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ಹೊಗೆ ಹಿಡಿದ ಗೋಡೆಯೊಂದಕ್ಕೆ ನಮ್ಮ ಸಂಸ್ಥೆಯ ಹುಡುಗರು ಬ್ಯಾನರು ಕಟ್ಟಿದರು, ಭಟ್ಟಿಯ ಹೆಂಗಸರನ್ನು ಅದರ ಕೆಳಗೆ ಕೂರಿಸಿ ಫೋಟೊ ತೆಗೆದರು, ಆಮೇಲೆ ಬ್ಯಾನರು ಬಿಚ್ಚಿ ಸುತ್ತಿಕೊಂಡು ಹೋದರು. ಉಳಿದದ್ದು ನಾನು ಮತ್ತು ಆ ಹೆಂಗಸರು. ಬ್ಯಾನರಿನಲ್ಲಿ ಏನು ಬರೆದಿತ್ತು ಅಂತ ಒಬ್ಬಳು ಕೇಳಿದಳು. "ಅಕ್ಷರದಿಂದ ಬಾಳು ಬೆಳಗುತ್ತದೆ ಅಂತ ಬರೆದಿತ್ತು" ಅಂದೆ. "ಮತ್ತೆ ಬಿಚ್ಕೊಂಡ್ ಹೋದ್ರಲ್ರಿ" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ನಾನು ಖಾಸಗಿ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಕೂತು ಗಂಡನ ಜೊತೆ ಟೀವಿ ರಿಮೋಟಿಗೆ ಜಗಳಾಡುವುದಕ್ಕಿಂತ ಇದು ವಾಸಿ ಅಂತ ಈ ಕೆಲಸ ಹಿಡಿದೆ. ನನ್ನ ಬಾಯಿ ಕತ್ತರಿ. ತಪ್ಪು ಬರೆದದ್ದನ್ನು ಸರಿ ಅಂತ ಒಂದು ದಿನವೂ ಹೇಳಿದವಳಲ್ಲ. ಮಗು ಅತ್ತರೆ ಅಳಲಿ, ಅವರಪ್ಪ ಬಂದು ಕೂಗಾಡಿದರೆ ಕೂಗಾಡಲಿ, ತಪ್ಪು ಅಂದರೆ ತಪ್ಪು. ಭಟ್ಟಿಯ ಹೆಂಗಸರಿಗೂ ಮೊದಲೇ ಹೇಳಿಬಿಟ್ಟೆ, ಸರಿ ಇದ್ದರೆ ಮಾತ್ರ ಸರಿ ಅಂತೀನಿ, ಬೇಜಾರು ಮಾಡಿಕೊಳ್ಳಬೇಡಿ ಅಂತ. "ಸಾವ್ಕಾರ್ರ ಕೈಲಿ ಬೈಸ್ಕೊಂಡು ರೂಢಿ ಐತೆ, ನೀವೂ ಬೈರಿ" ಅಂದರು.

ಭಟ್ಟಿಯ ಕೆಲಸ ಕೋಳಿ ಕೂಗುವುದಕ್ಕೂ ಮೊದಲು ಶುರುವಾಗಿ ಬಿಸಿಲೇರುವ ಹೊತ್ತಿಗೆ ಮುಗಿಯುತ್ತದೆ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಉಪ್ಪುನೀರು ಹಾಕಿದ ಅಕ್ಕಿಯನ್ನು ಅದಕ್ಕೆ ಸುರಿದರೆ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಅರಳಿ ಮಂಡಕ್ಕಿಯಾಗುತ್ತದೆ. ಅದನ್ನು ಮರಳಿನ ಸಮೇತ ಬಾಚಿ ಜರಡಿಗೆ ಹಾಕಬೇಕು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಊರೆಲ್ಲ ಸಂಜೆ ಮಿರ್ಚಿ ಜೊತೆ ಮೆಲ್ಲುವ ಮಂಡಕ್ಕಿಯ ಹಿಂದೆ ಇಷ್ಟು ಬೆಂಕಿ ಇದೆ ಅಂತ, ಇದೇ ಊರಲ್ಲಿ ಹುಟ್ಟಿ ಬೆಳೆದ ನನಗೂ ಗೊತ್ತಿರಲಿಲ್ಲ. ನಾವು ತಿನ್ನುವವರು, ಅಷ್ಟೇ.

ಕೆಲಸ ಮುಗಿದ ಮೇಲೆ ಮಧ್ಯಾಹ್ನ ಕ್ಲಾಸು. ಮೊದಮೊದಲು ಸ್ಲೇಟು ಕೊಟ್ಟೆ. ಬೆಂಕಿಯ ಮುಂದೆ ಮರಗಟ್ಟಿದ ಕೈಗಳಿಗೆ ಬಳಪ ಸಿಗುತ್ತಲೇ ಇರಲಿಲ್ಲ, ಹಿಡಿದರೆ ಪಟ್ ಅಂತ ಮುರಿಯುತ್ತಿತ್ತು. ಎಳೆ ಮಕ್ಕಳ ಸಾಮಾನು ಕೈಗೆ ಕೊಟ್ಟಿದ್ದಾರೆ ಅಂತ ಅವರಿಗೆ ನಾಚಿಕೆ ಬೇರೆ. ನಾಲ್ಕು ದಿನದಲ್ಲಿ ಅರ್ಧ ಜನ ಬರುವುದು ಬಿಟ್ಟರು. ಆಗ ಜರಡಿ ಹಿಡಿಯುವ ಹೆಂಗಸೊಬ್ಬಳು ಎದ್ದು, ಆರಿದ ಮರಳನ್ನು ಜರಡಿಯಲ್ಲಿ ತುಂಬಿ ತಂದು, ನನ್ನ ಮುಂದೆ ನೆಲದ ಮೇಲೆ ಮೆಲ್ಲಗೆ ಆಡಿಸಿ ಹರವಿದಳು. "ಇದರ ಮ್ಯಾಲೆ ಬರ್ಸ್ರಿ ಟೀಚರಮ್ಮ. ತಪ್ಪಾದ್ರೆ ಕೈಯಾಡ್ಸಿದ್ರಾತು" ಅಂದಳು. ಹೊಗೆಗೆ ಕಪ್ಪಾದ ನಯವಾದ ಹೊಳೆಮರಳು. ಬೆರಳಿಟ್ಟು ಎಳೆದರೆ ಅಕ್ಷರ ಗಾಡಿಯ ಚಕ್ರದ ಜಾಡಿನಂತೆ ಆಳವಾಗಿ ಮೂಡುತ್ತಿತ್ತು. ಮರುದಿನ ಬಿಟ್ಟವರೆಲ್ಲ ವಾಪಸು ಬಂದರು.

ಎಲ್ಲರೂ ಅವಳನ್ನು ಜರಡಿಯಕ್ಕ ಅಂತ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ನನಗಿಂತ ಚಿಕ್ಕವಳು, ನೋಡಿದರೆ ದೊಡ್ಡವಳಂತೆ ಕಾಣುತ್ತಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಭಟ್ಟಿಯ ಹಿಂದಿನ ಓಣಿಯಲ್ಲಿ ತಗಡಿನ ಸೂರಿನ ಒಂದು ಕೋಣೆ. ತಮ್ಮ ಲೋಕಿಕೆರೆಯಲ್ಲಿ ಬೇಸಾಯ ಮಾಡಿಕೊಂಡಿದ್ದ. ಬಂದು ಇರು ಅಂತ ಅವನು ಕರೆಯುತ್ತಲೇ ಇದ್ದ, ಇವಳು ಹೋಗಿರಲಿಲ್ಲ. ಯಾಕೆ ಅಂತ ಒಮ್ಮೆ ಕೇಳಿದೆ. "ಇಲ್ಲಿ ಬಾಗ್ಲ ತೆಗೆಯಾಕಿನೂ ನಾನೆ, ಹಾಕಾಕಿನೂ ನಾನೆ. ಅಲ್ಲಿ ತಮ್ಮನ ಮನಿ ಮೂಲ್ಯಾಗ ಕುಂತು, ಹಾಕಿದಾಗ ಉಣಬೇಕು. ಕೈ ಕಾಲು ಆಡೋತಂಕ ಬ್ಯಾಡ್ರಿ" ಅಂದಳು.

ಕ್ಲಾಸಿನಲ್ಲಿ ಅವಳಷ್ಟು ಬೇಗ ಯಾರೂ ಕಲಿಯಲಿಲ್ಲ. ನಾನು ಬರೆದ ಅಕ್ಷರದ ಜಾಡಿನಲ್ಲಿ ಒಮ್ಮೆ ಬೆರಳಾಡಿಸಿದರೆ ಸಾಕು, ಪಕ್ಕದಲ್ಲಿ ಹಾಗೇ ಇಳಿಸುತ್ತಿದ್ದಳು. ದುಂಡಗೆ, ನನ್ನದಕ್ಕಿಂತ ಚೆಂದ. ಪ್ರತಿ ಅಕ್ಷರ ಬರೆದಾಗಲೂ ಕೇಳುತ್ತಿದ್ದಳು, "ಸರಿ ಐತಾ?" ನಾನು "ಸರಿ ಐತೆ" ಅನ್ನುವ ತನಕ ಅಳಿಸುತ್ತಿರಲಿಲ್ಲ. ತಪ್ಪು ಅಂದರೆ, ಎಲ್ಲಿ ತಪ್ಪು ಅಂತ ನನ್ನ ಕೈ ಹಿಡಿದು ತೋರಿಸಿಕೊಳ್ಳುತ್ತಿದ್ದಳು. ಈ ವಯಸ್ಸಿನಲ್ಲಿ ಇಷ್ಟು ಹಸಿವು ಎಲ್ಲಿಂದ ಬಂತೋ ಅಂತ ನನಗೆ ಒಳಗೊಳಗೇ ಹೆಮ್ಮೆ. ಮನೆಗೆ ಹೋಗಿ ಗಂಡನ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ. "ನಿನ್ನ ಬೈಗುಳ ತಿಂದೂ ಕಲಿತಾಳಲ್ಲ, ದೊಡ್ಡವಳು ಮಾರಾಯ್ತಿ" ಅನ್ನುತ್ತಿದ್ದರು.

ಭಟ್ಟಿಯವರಿಗೆ ಒಂದು ಅಭ್ಯಾಸ. ಮರಳಿಗೆ ಮುಖ ಕೊಡುವುದಿಲ್ಲ. ಕಾದ ಮರಳು ಸಿಡಿದು ಕಣ್ಣಿಗೆ ಬಿದ್ದರೆ ಮುಗಿಯಿತು ಅಂತ ಚಿಕ್ಕಂದಿನಿಂದ ಹೇಳಿಸಿಕೊಂಡು ಬೆಳೆದವರು. ಸೆರಗು ಮುಖಕ್ಕೆ ಎಳೆದುಕೊಂಡು, ಕತ್ತು ಪಕ್ಕಕ್ಕೆ ತಿರುಗಿಸಿ, ಕೈಯಿಂದಲೇ ಎಲ್ಲ ಮಾಡುತ್ತಾರೆ. ಆರಿದ ಮರಳಿನ ಮೇಲೆ ಅಕ್ಷರ ಬರೆಯುವಾಗಲೂ ಅಷ್ಟೇ. ಬೆರಳು ಮರಳಿನಲ್ಲಿ, ಮುಖ ಬಾಗಿಲ ಕಡೆ. ಮೊದಲ ವಾರ ಗದರಿದೆ, "ಅಕ್ಷರ ನೋಡ್ರೇ, ಬೀದಿಯಲ್ಲಿ ಯಾವ ಮದುವೆ ದಿಬ್ಬಣ ಹೊರಟಿದೆ?" ಅಂತ. ಎರಡು ನಿಮಿಷ ನೋಡುತ್ತಿದ್ದರು, ಮತ್ತೆ ಕತ್ತು ತಾನಾಗಿ ತಿರುಗುತ್ತಿತ್ತು. ನಾಯಿ ಬಾಲದ ಡೊಂಕು ಅಂತ ನಾನೂ ಬಿಟ್ಟೆ. ಯಾರೂ ನೋಡದ ಕಡೆ, ನೋಡಲು ಆಗದವಳೊಬ್ಬಳು ಕೂತಿದ್ದರೆ ಯಾರಿಗೆ ತಿಳಿದೀತು?

ಆ ಸಾಲಿನ ಭಟ್ಟಿಗಳಲ್ಲಿ ಹೆಚ್ಚಿನವು ಮಂಡಿಪೇಟೆಯ ಒಬ್ಬ ವ್ಯಾಪಾರಿಯವು, ಹೆಂಗಸರ ಬಾಯಲ್ಲಿ ಸಾವ್ಕಾರ್ರು. ತಂದೆಯ ಕಾಲದಿಂದ ಅಕ್ಕಿ, ಮಂಡಕ್ಕಿಯ ಮಂಡಿ. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಮರ್ಯಾದೆ, ಕೆಟ್ಟ ಮನುಷ್ಯರೇನಲ್ಲ. ಒಂದು ದಿನ ಕ್ಲಾಸು ನಡೆಯುವಾಗ ಬಂದು ನಿಂತರು. ಹೊಗೆಯ ಕಾಟಕ್ಕೆ ಸುತ್ತಲ ಮನೆಯವರು ದೂರುತ್ತಿದ್ದಾರೆ, ಈ ಭಟ್ಟಿಗಳನ್ನು ಮುಚ್ಚಿ ಹರಿಹರದ ಹತ್ತಿರ ಮೆಷಿನ್ನು ಹಾಕುತ್ತಿದ್ದೇವೆ ಅಂದರು. ಅಲ್ಲಿ ಮಂಡಕ್ಕಿಯನ್ನು ಪ್ಯಾಕೆಟ್ಟಿಗೆ ತುಂಬುತ್ತಾರೆ. ಸಾದಾ, ಖಾರ, ಬೆಳ್ಳುಳ್ಳಿ, ಬೇರೆ ಬೇರೆ ಮಾಲು. ಒಂದರ ಕವರಿಗೆ ಇನ್ನೊಂದು ಬಿದ್ದರೆ ಅಂಗಡಿಯವರು ವಾಪಸು ಎಸೆಯುತ್ತಾರೆ. "ಅದಕ್ಕ ಓದಾಕ ಬರೋರ್ನಷ್ಟೇ ತಗೋತೀವಿ. ಹೊರಗಿನೋರು ಯಾಕ, ನಮ್ಮೋರೇ ಬರ್ರಿ. ದೀಪಾವಳಿ ಮುಗೀಲಿ, ಒಂದಿನ ಕರೆಸಿ ನೋಡ್ತೀವಿ. ಮೇಡಂನೋರು ಕಲಿಸಾಕತ್ಯಾರಲ್ಲ" ಅಂತ ನನ್ನ ಕಡೆ ಕೈ ಮಾಡಿದರು.

ಅವರು ಹೋದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಹಲವರಿಗೆ ದುಡಿಯುವ ಗಂಡನೋ ಮಗನೋ ಇದ್ದ. ಜರಡಿಯಕ್ಕನಿಗೆ ಜರಡಿ ಬಿಟ್ಟರೆ ಇದ್ದದ್ದು ಲೋಕಿಕೆರೆಯ ಆ ಮೂಲೆ. ಅವಳು ನನ್ನ ಪಕ್ಕಕ್ಕೆ ಸರಿದು, "ನಾನು ಓದ್ತೀನಲ್ರಿ ಟೀಚರಮ್ಮ? ನನ್ನ ತಗೋತಾರಲ್ಲ?" ಅಂದಳು. "ನಿಮ್ಮನ್ನು ಬಿಟ್ಟು ಇನ್ಯಾರನ್ನು ತಗೋತಾರೆ" ಅಂದೆ. ಅದು ಸುಳ್ಳಲ್ಲ. ನಾನು ಹಾಗೇ ನಂಬಿದ್ದೆ.

ಇನ್ನು ಮರಳು ಸಾಕು, ಪುಸ್ತಕಕ್ಕೆ ಬರೋಣ ಅಂತ ಮರುದಿನವೇ ದೊಡ್ಡ ಅಕ್ಷರದ ಪಾಠದ ಪುಸ್ತಕ ತಂದೆ. ಒಬ್ಬೊಬ್ಬರಿಗೇ ಓದಿಸಿದೆ. ಎಡವಿದರು, ತೊದಲಿದರು, ಆದರೂ ಓದಿದರು. ನಮ್ಮಲ್ಲಿ ಒಬ್ಬಳು ಎಳೆ ವಯಸ್ಸಿನ ಸೊಸೆ ಇದ್ದಳು. ಮೊಬೈಲು ಕೈಯಿಂದ ಬಿಡದವಳು, ಅತ್ತೆಯ ಕಣ್ಣು ತಪ್ಪಿಸಿ ತೂಕಡಿಸಲೆಂದೇ ಕ್ಲಾಸಿಗೆ ಬರುತ್ತಿದ್ದವಳು. ಅವಳೂ ಹೇಗೋ ಒಂದು ಸಾಲು ಎಳೆದಳು. ಜರಡಿಯಕ್ಕನ ಸರದಿ ಬಂತು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು, ಮುಖ ಬಾಗಿಲ ಕಡೆ ತಿರುಗಿತು, ಬೆರಳು ಹಾಳೆಯ ಮೇಲೆ ಓಡಾಡಿತು. "ಓದ್ರಿ" ಅಂದೆ. ಮತ್ತೆ ಬೆರಳಾಡಿಸಿದಳು. "ಇದನ್ನ ಮರಳಾಗ ಬರೀರಿ, ಓದ್ತೀನಿ" ಅಂದಳು. ನನಗೆ ರೇಗಿತು. "ಸಾವ್ಕಾರ್ರು ಹರಿಹರದಲ್ಲಿ ಮರಳು ಹರವಿಕೊಂಡು ಕೂತಿರ್ತಾರಾ?" ಅಂತ ಗದರಿ, ಅವಳ ಗದ್ದ ಹಿಡಿದು ಮುಖ ಪುಸ್ತಕದ ಕಡೆ ತಿರುಗಿಸಿದೆ. ಆಗ ಅವಳ ಕಣ್ಣು ನೋಡಿದೆ. ಅದು ಪುಸ್ತಕವನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ.

ಕಣ್ಣಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಪೊರೆ ಇರಬೇಕು, ತೆಗೆಸಿ ಕನ್ನಡಕ ಹಾಕಿಸಿದರೆ ಆಯಿತು ಅಂತ ದಾರಿಯುದ್ದಕ್ಕೂ ಹೇಳಿದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. "ಪೊರೆ ಆಗಿದ್ದರೆ ತೆಗೀಬಹುದಿತ್ತು ಮೇಡಂ. ಇದು ಹಿಂದಿನ ನರ, ಒಣಗಿದೆ. ಮೊದಲೇ ಬಂದಿದ್ದರೆ ಇದ್ದಷ್ಟನ್ನಾದರೂ ಉಳಿಸಬಹುದಿತ್ತು. ಬೆಳಕು ಕಾಣುತ್ತೆ, ಮನುಷ್ಯರ ಆಕಾರ ಕಾಣುತ್ತೆ, ಅಕ್ಷರ ಕಾಣಲ್ಲ" ಅಂದರು. ಜರಡಿಯಕ್ಕ ಸೆರಗು ಸರಿಮಾಡಿಕೊಂಡು ಹೊರಡಲು ಎದ್ದಳು. ಅವಳಿಗೆ ಇದೇನೂ ಹೊಸ ಸುದ್ದಿ ಅಲ್ಲ ಅಂತ ನನಗೆ ಆಗ ಹೊಳೆಯಿತು.

ಹೊರಗೆ ಬಂದು ಕಲ್ಲು ಬೆಂಚಿನ ಮೇಲೆ ಕೂತು ಚೆನ್ನಾಗಿ ಬೈದೆ. ಯಾಕೆ ಹೇಳಲಿಲ್ಲ, ಯಾಕೆ ಮುಚ್ಚಿಟ್ಟಿರಿ, ನಾನೇನು ಮೂರ್ಖಳಾ ಅಂತ. "ಹೇಳಿದ್ರೆ ಜರಡಿ ಇನ್ನೊಬ್ಬಾಕಿ ಕೈಗೆ ಹೋಗ್ತಿತ್ತು" ಅಂದಳು. "ನನಗೆ ಹೇಳಬಹುದಿತ್ತಲ್ಲ." ಅವಳು ಸೆರಗಿನ ತುದಿ ತಿರುವಿದಳು. "ನಿಮಗ ಹೇಳಿದ್ರೆ ಕಲಿಸ್ತಿದ್ರಾ?" ಅಂದಳು. ನಾನು ಎದ್ದು ಹೋಗಿ ಎದುರಿನ ಅಂಗಡಿಯಿಂದ ಇಬ್ಬರಿಗೂ ಟೀ ತಂದೆ.

ಅವಳು ಮರಳಿನಲ್ಲಿ ಓದುತ್ತಿದ್ದದ್ದು ಕಣ್ಣಿನಿಂದಲ್ಲ, ಬೆರಳಿನಿಂದ. ನಾನು ಬರೆದ ಜಾಡಿನಲ್ಲಿ ಅವಳ ಬೆರಳು ನಡೆದುಹೋದರೆ ಅಕ್ಷರ ಅವಳಿಗೆ ತಿಳಿಯುತ್ತಿತ್ತು. ಹಾಗಾದರೆ ಓದಲು ಬರುವುದಿಲ್ಲ ಅನ್ನುವುದು ಹೇಗೆ? ನನಗೆ ಹಟ ಬಂತು. ಸೀರೆ ಅಂಗಡಿಯಿಂದ ರಟ್ಟು ತಂದು, ಗೋಂದಿನಲ್ಲಿ ಅಕ್ಷರ ಬರೆದು, ಅದರ ಮೇಲೆ ಭಟ್ಟಿಯ ಮರಳು ಉದುರಿಸಿ ಒಣಗಿಸಿದೆ. ಒಂದೊಂದು ರಟ್ಟಿಗೆ ಒಂದೊಂದು ಪದ. ಮನೆಯ ಊಟದ ಮೇಜಿನ ತುಂಬ ಮರಳು, ಗಂಡನ ಗೊಣಗಾಟ. ಜರಡಿಯಕ್ಕ ಅವನ್ನೆಲ್ಲ ಓದಿದಳು. ಅಕ್ಕಿ, ಉಪ್ಪು, ಬೆಂಕಿ, ಬಾಗಿಲು. ಆಮೇಲೆ ರಟ್ಟುಗಳನ್ನು ಸಾಲಾಗಿ ಜೋಡಿಸಿದೆ. "ನನ್ನ ಮನೆಯ ಬಾಗಿಲು ನಾನೇ ತೆಗೆಯುತ್ತೇನೆ." ಬೆರಳು ನಿಧಾನಕ್ಕೆ ನಡೆಯಿತು, ತುಟಿ ಅಲುಗಿತು. ಕೊನೆಯ ಪದಕ್ಕೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. "ನಾನು ಹೇಳಿದ್ದನ್ನ ನನಗ ಓದ್ಸಾಕತ್ತೀರಿ" ಅಂದಳು. ನನ್ನ ಇಡೀ ನೌಕರಿಯಲ್ಲಿ ಅಂಥ ಸಂತೋಷ ನನಗೆ ಸಿಕ್ಕಿರಲಿಲ್ಲ. ಇನ್ನು ಸಿಗುವುದೂ ಇಲ್ಲ.

ಅಂಧರಿಗೆ ಬ್ರೈಲ್ ಚುಕ್ಕಿಲಿಪಿ ಕಲಿಸುವವರೊಬ್ಬರ ಹತ್ತಿರವೂ ಹೋದೆವು. ಸ್ವತಃ ಕಣ್ಣಿಲ್ಲದವರು, ಬಹಳ ತಾಳ್ಮೆಯ ಮನುಷ್ಯ. ಚುಕ್ಕಿಯ ಹಾಳೆಯ ಮೇಲೆ ಅವಳ ಬೆರಳಿಟ್ಟು ಏನು ತಿಳಿಯುತ್ತದೆ ಅಂತ ಕೇಳಿದರು. "ಏನೂ ಇಲ್ರಿ" ಅಂದಳು. ಅವರು ಅವಳ ಬೆರಳ ತುದಿಗಳನ್ನು ಮುಟ್ಟಿ ನೋಡಿದರು. ವರ್ಷಗಟ್ಟಲೆ ಕಾದ ಮರಳು ಮುಟ್ಟಿದ ಬೆರಳು, ತುದಿಯಲ್ಲಿ ಚರ್ಮ ಚಪ್ಪಲಿಯ ತೊಗಲಿನಷ್ಟು ದಪ್ಪ. ದೊಡ್ಡ ಜಾಡು ಅದಕ್ಕೆ ತಿಳಿಯುತ್ತದೆ, ಸಾಸಿವೆಯಂಥ ಚುಕ್ಕಿ ತಿಳಿಯುವುದಿಲ್ಲ. "ಕಣ್ಣೂ ಭಟ್ಟಿಗೇ ಕೊಟ್ಟೀರಿ, ಬೆರಳೂ ಅದಕ್ಕೇ ಕೊಟ್ಟೀರಲ್ಲಮ್ಮ" ಅಂದರು ಅವರು. ಬೇರೆ ಯಾರಾದರೂ ಈ ಮಾತು ಅಂದಿದ್ದರೆ ನಾನು ಜಗಳ ತೆಗೆಯುತ್ತಿದ್ದೆ.

ನಮ್ಮ ಸಂಸ್ಥೆಯ ಆಫೀಸಿಗೆ ಹೋಗಿ ಪ್ರಾಜೆಕ್ಟ್ ನೋಡಿಕೊಳ್ಳುವ ಸಾಹೇಬರಿಗೆ ಎಲ್ಲ ಹೇಳಿದೆ. "ಮೇಡಂ, ಅಂಥವರಿಗೆ ಬೇರೆ ಸ್ಕೀಮು. ನಮ್ಮ ಟಾರ್ಗೆಟ್ಟಲ್ಲಿ ಅವರು ಬರಲ್ಲ" ಅಂದರು. ಬೇರೆ ಸ್ಕೀಮಿನವರ ಹತ್ತಿರ ಹೋದರೆ, ಸ್ವಲ್ಪ ಕಾಣುತ್ತದಲ್ಲ, ನಮ್ಮಲ್ಲೂ ಬರಲ್ಲ ಅಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಕೊನೆಗೆ ನಾನು ಅವಳನ್ನು ಕರೆದುಕೊಂಡು ಸೀದಾ ಮಂಡಿಪೇಟೆಗೆ ಹೋದೆ.

"ಬರ್ರಿ ಮೇಡಂ, ಕೂಡ್ರಿ" ಅಂತ ಸಾಹುಕಾರರು ಗಾದಿಯಿಂದ ಎದ್ದರು. ವಿಷಯ ಹೇಳಿದೆ. ಮುಖ ಸಪ್ಪಗಾಯಿತು. "ಇವರ ಅಪ್ಪನೂ ನಮ್ಮ ಭಟ್ಟ್ಯಾಗೇ ದುಡ್ದೋನು. ಕಣ್ಣೇ ಇಲ್ಲಂದ್ರ ಓದೋದು ಹೆಂಗ್ರಿ?" ಅಂದರು. ಹಿಂದುಗಡೆ ಹಳೆಯ ಗೋಣಿಚೀಲಗಳ ಒಟ್ಟಿಲು ಇತ್ತು. ತಗಡಿನ ಅಚ್ಚಿಟ್ಟು ದಪ್ಪ ಟಾರು ಬಣ್ಣದಲ್ಲಿ ಅವರ ಮಂಡಿಯ ಗುರುತು ಬಳಿದಿದ್ದರು. ಬಣ್ಣ ಒಣಗಿ ಗಟ್ಟಿಯಾಗಿ ಉಬ್ಬಿಕೊಂಡಿತ್ತು. ನಾನು ಒಂದು ಚೀಲ ಎಳೆದು ಅವಳ ಮುಂದೆ ಇಟ್ಟೆ. ಅವಳು ಮುಖ ಬೀದಿಯ ಕಡೆ ತಿರುಗಿಸಿ ಬೆರಳಾಡಿಸಿದಳು. "ಮಂಡಕ್ಕಿ" ಅಂದಳು. ಕೆಳಗಿನ ಸಾಲಿಗೆ ಇಳಿದಳು. "ದಾವಣಗೆರೆ. ಸರಿ ಐತಾ?"

ಸಾಹುಕಾರರು ಕನ್ನಡಕ ತೆಗೆದರು. ಹಮಾಲರು ನಿಂತು ನೋಡಿದರು. "ಸರಿ ಐತವ್ವ" ಅಂದರು ಸಾಹುಕಾರರು. "ನಮ್ಮ ಮಾಲಿಗೆಲ್ಲ ಇದೇ ಅಚ್ಚು, ತಂದೆಯೋರ ಕಾಲದ್ದು. ಪ್ಯಾಕೆಟ್ ಮ್ಯಾಲೂ ಇದೇ ಇರ್ತೈತೆ. ಬಾ ಹರಿಹರಕ್ಕ, ಎಲ್ಲಾರ ಜೊತಿಗೆ ಬಾ." ಅಂದು ನಾವು ಮಂಡಿಪೇಟೆಯಿಂದ ಭಟ್ಟಿಯ ತನಕ ನಡೆದೇ ಬಂದೆವು. ಅವಳು ದಾರಿಯಲ್ಲಿ ಸಿಕ್ಕ ಅಂಗಡಿಗಳ ಕಬ್ಬಿಣದ ಬೋರ್ಡುಗಳನ್ನು, ಉಬ್ಬಕ್ಷರ ಇದ್ದವನ್ನೆಲ್ಲ, ನಿಂತು ಮುಟ್ಟಿ ಮುಟ್ಟಿ ಓದಿದಳು. ಜನ ನಮ್ಮನ್ನು ಹುಚ್ಚರ ಹಾಗೆ ನೋಡಿದರು. ನೋಡಲಿ ಬಿಡು ಅಂದುಕೊಂಡೆ.

ಹರಿಹರಕ್ಕೆ ಹೋದ ದಿನ ಎಲ್ಲರೂ ತಲೆಗೆ ಎಣ್ಣೆ ಹಚ್ಚಿ, ಒಳ್ಳೆಯ ಸೀರೆ ಉಟ್ಟಿದ್ದರು. ಹೆಂಗಸರಿಗೆ ಫ್ರೀ ಬಸ್ಸು, ಆಧಾರ್ ಕಾರ್ಡು ಕೈಯಲ್ಲಿ ಹಿಡಿದುಕೊಂಡು ಹತ್ತಿದೆವು. ಜರಡಿಯಕ್ಕ ಕಿಟಕಿಯ ಪಕ್ಕ ಕೂತಳು. ಊರು ಹತ್ತಿರ ಬಂದಾಗ ಗಾಳಿಗೆ ಮುಖ ಕೊಟ್ಟು, "ಹೊಳಿ ವಾಸ್ನಿ ಬಂತು" ಅಂದಳು. ಮೆಷಿನ್ನಿನ ಶೆಡ್ಡು ಊರ ಹೊರಗೆ, ಹೊಸದು, ಬಿಳಿ ಬಣ್ಣ. ಹೊಗೆ ಇಲ್ಲ, ಬೂದಿ ಇಲ್ಲ, ನೆಲ ಕನ್ನಡಿಯ ಹಾಗೆ. ಮರಳು ಎಲ್ಲೂ ಇರಲಿಲ್ಲ. ಮಂಡಕ್ಕಿ ಬಿಸಿಗಾಳಿಯಲ್ಲಿ ಅರಳುತ್ತದಂತೆ.

ಸೂಪರ್ವೈಸರು ಮೃದು ಮಾತಿನ ತರುಣ. ಮೇಜಿನ ಮೇಲೆ ಮೂರು ಥರದ ಕವರು ಇಟ್ಟಿದ್ದ. ಒಬ್ಬೊಬ್ಬರನ್ನೇ ಕರೆದು, ಇದು ಕೊಡಿ, ಅದು ಕೊಡಿ ಅಂತ ಕೇಳಿದ. ಮೊಬೈಲಿನ ಸೊಸೆ ಕವರನ್ನು ಮೂಗಿನ ಹತ್ತಿರ ಹಿಡಿದು, "ಬೆ... ಳ್ಳು..." ಅಂತ ಎಳೆದು, ಸರಿಯಾದದ್ದನ್ನೇ ಕೊಟ್ಟಳು. ಪಾಸು. ಅಲ್ಲಿತನಕ ಹೋದವರೆಲ್ಲ ಪಾಸು.

ಜರಡಿಯಕ್ಕ ಮುಂದೆ ಹೋದಳು. "ಬೆಳ್ಳುಳ್ಳಿದು ಯಾವ್ದು ಕೊಡ್ರಮ್ಮ" ಅಂದ. ಅವಳು ರೂಢಿಯಂತೆ ಮುಖ ಪಕ್ಕಕ್ಕೆ ತಿರುಗಿಸಿ, ಮೊದಲ ಕವರಿನ ಮೇಲೆ ಬೆರಳಿಟ್ಟಳು. ಬೆರಳು ಜಾರಿತು. ಮೇಲಿಂದ ಕೆಳಗೆ ಸವರಿದಳು, ಅಡ್ಡಕ್ಕೆ ಸವರಿದಳು. ಆ ಮಗ್ಗುಲಲ್ಲಿ ಇರಬಹುದು ಅಂತ ತಿರುವಿ ಹಾಕಿ ಅಲ್ಲೂ ಸವರಿದಳು. ಎರಡನೆಯ ಕವರು, ಮೂರನೆಯದು. ಪ್ಲಾಸ್ಟಿಕ್ಕು ಸರಸರ ಅನ್ನುತ್ತಿತ್ತು. ಅವಳು ನಾನಿದ್ದ ಕಡೆಗೆ ತಿರುಗಿ, "ಟೀಚರಮ್ಮ, ಇದ್ರಾಗ ಏನೂ ಬರ್ದಿಲ್ಲ" ಅಂದಳು.

ಬರೆದಿತ್ತು. ಮಿರಮಿರ ಹೊಳೆಯುವ ಬಣ್ಣದಲ್ಲಿ, ನಾನು ನಿಂತಲ್ಲಿಂದಲೇ ಓದಬಹುದಾದಷ್ಟು ದೊಡ್ಡದಾಗಿ ಬರೆದಿತ್ತು. ನಾನು ಸೂಪರ್ವೈಸರನ ಮೇಲೆ ಹರಿಹಾಯ್ದೆ. ಅಚ್ಚು ಎಲ್ಲಿ, ಸಾಹುಕಾರರೇ ಮಾತು ಕೊಟ್ಟಿದ್ದರು ಅಂದೆ. ಅವನು ಪಾಪ, ಫೋನು ಹಚ್ಚಿ ಕೊಟ್ಟ. "ಕವರ್ ಕೆಲ್ಸ ಎಲ್ಲಾ ಮಗ ನೋಡ್ಯಾನ್ರಿ ಮೇಡಂ, ನನಗೂ ತೋರಿಸಿಲ್ಲ. ಅಚ್ಚು ಗಿಚ್ಚು ಈಗ ಯಾರ್ ಹಾಕ್ತಾರ ಅಂತಾನ" ಅಂದರು ಸಾಹುಕಾರರು. ಕಸ ಗುಡಿಸುವ ಕೆಲಸವಾದರೂ ಕೊಡಿ ಅಂದೆ. ಅದನ್ನು ಗುತ್ತಿಗೆಗೆ ಕೊಟ್ಟಾಗಿದೆಯಂತೆ. ಅವಳು ನನ್ನ ತೋಳು ಹಿಡಿದು, "ಬಿಡ್ರಿ ಟೀಚರಮ್ಮ. ಆ ಹುಡುಗನ್ನ ಯಾಕ ಬೈತೀರಿ, ಅವಂದೇನು ತಪ್ಪು" ಅಂದಳು.

ಭಟ್ಟಿಗಳನ್ನು ಕೆಡವಿದರು. ಉಳಿದ ಹೆಂಗಸರು ಹರಿಹರದ ಬಸ್ಸು ಹತ್ತುತ್ತಾರೆ. ಮೊಬೈಲಿನ ಸೊಸೆ ಈಗ ಅಲ್ಲಿ ಲೀಡರಂತೆ. ನಮ್ಮ ಸಂಸ್ಥೆಯವರು ಶೆಡ್ಡಿನ ಮುಂದೆ ಮತ್ತೆ ಬ್ಯಾನರು ಕಟ್ಟಿ ಅವರ ಫೋಟೊ ತೆಗೆದರು. ನನ್ನನ್ನು ಕರೆದರು, ನಾನು ಹೋಗಲಿಲ್ಲ. ಆಮೇಲೆ ಪ್ರಾಜೆಕ್ಟೂ ಮುಗಿಯಿತು. ಜರಡಿಯಕ್ಕ ಮನೆಗೆಲಸ ಹುಡುಕಿದಳು, ಕಣ್ಣು ನೋಡಿ ಯಾರೂ ಇಟ್ಟುಕೊಳ್ಳಲಿಲ್ಲ. ನಮ್ಮ ಮನೆಗೆ ಬಂದಿರಿ ಅಂದೆ. "ತಮ್ಮನ ಮನಿ ಮೂಲಿ ಬಿಟ್ಟು ನಿಮ್ಮ ಮನಿ ಮೂಲಿಗಾ?" ಅಂತ ನಕ್ಕಳು. ಕೋಣೆ ಖಾಲಿ ಮಾಡಿ, ನನ್ನ ರಟ್ಟುಗಳನ್ನು ಗಂಟಿನಲ್ಲಿ ಕಟ್ಟಿಕೊಂಡು ಲೋಕಿಕೆರೆಗೆ ಹೋದಳು.

ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ ಒಮ್ಮೆ ನೋಡಲು ಹೋದೆ. ತಮ್ಮ ಹೊಸ ಮನೆ ಕಟ್ಟಿಸಿದ್ದ. ಒಳಗೆಲ್ಲ ಟೈಲ್ಸು, ಅಂಗಳಕ್ಕೂ ಟೈಲ್ಸು. ತಮ್ಮನ ಹೆಂಡತಿ ಒಳ್ಳೆಯವಳು, ಅದನ್ನು ಹೇಳಲೇಬೇಕು. "ಅತ್ತಿಗಿಗೆ ಒಂದು ಕಡ್ಡಿ ಎತ್ತಾಕ ಬಿಡಲ್ರಿ ನಾನು. ಬಿದ್ದು ಗಿದ್ದಾಳು ಅಂತ ಹೊರಗೂ ಕಳ್ಸಲ್ಲ. ಕುಂತಲ್ಲೇ ಊಟ, ಕುಂತಲ್ಲೇ ಚಾ" ಅಂದಳು. ಜರಡಿಯಕ್ಕ ನಡುಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿತ್ತು, ಸೀರೆ ಶುಭ್ರವಾಗಿತ್ತು. ನನ್ನ ದನಿ ಕೇಳಿ ಕೈ ಚಾಚಿದಳು.

ರಟ್ಟು ಎಲ್ಲಿ ಅಂತ ಕೇಳಿದೆ. "ಮರಳು ಉದುರಿ ಟೈಲ್ಸಿಗೆ ಗೀರು ಬೀಳ್ತಾವಂತ ಹೊರಗಿಟ್ಟಿದ್ರು. ಮಳ್ಯಾಗ ನೆಂದ್ವು" ಅಂದಳು. ಬೇರೆ ಮಾಡಿಕೊಡ್ತೀನಿ ಅಂದೆ. "ಬ್ಯಾಡ್ರಿ." ಹೋಗಲಿ, ಏಳಿ, ಹೊರಗೆ ಹೊಲದ ಕಡೆ ಹೋಗೋಣ, ಮಣ್ಣಿನಲ್ಲಿ ಬರೀರಿ ಅಂದೆ. "ಮಣ್ಣಾಗ ಬರ್ದು ಏನ್ ಮಾಡ್ಲಿ ಟೀಚರಮ್ಮ. ಒಂದ್ ಮಳಿಗೆ ಹೋಗ್ತೈತೆ. ಓದಿ ಹೋಗಬೇಕಾದ ಜಾಗನೂ ಯಾವ್ದೂ ಇಲ್ಲ ನನಗೆ" ಅಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳುತ್ತಿರಲಿಲ್ಲ. ಚಹಾ ಬಂತು, ಕುಡಿದೆವು.

ಬಸ್ಸಿನ ಹೊತ್ತಾಯಿತು ಅಂತ ಏಳುವಾಗ ನೋಡಿದೆ, ಅವಳ ಬೆರಳು ಟೈಲ್ಸಿನ ಮೇಲೆ ಓಡುತ್ತಿತ್ತು. ಮುಖ ಬಾಗಿಲ ಕಡೆ. ದುಂಡಗೆ ತಿರುಗಿತು, ಕೆಳಗಿಳಿಯಿತು, ಒತ್ತು ಕೊಟ್ಟಿತು, ಪಕ್ಕಕ್ಕೆ ಸರಿದು ಮತ್ತೊಂದು ಬರೆಯಿತು. ಒಂದು ಪೂರ್ತಿ ಸಾಲು. ನಾನು ಬಗ್ಗಿ ನೋಡಿದೆ, ಕನ್ನಡಕ ಒರೆಸಿಕೊಂಡು ನೋಡಿದೆ. ಬಿಳಿ ಟೈಲ್ಸು ಬಿಳಿಯಾಗಿಯೇ ಇತ್ತು. ಏನು ಬರೆದಳೋ ನನಗೆ ಓದಲು ಆಗಲಿಲ್ಲ.

ಬೆರಳು ನಿಂತಿತು. "ಸರಿ ಐತಾ ಟೀಚರಮ್ಮ?" ಅಂತ ಕೇಳಿದಳು.

"ಸರಿ ಐತೆ" ಅಂದೆ.